ಸ್ಮಿತ್ ಎಂಬ ಮನೆತನದ ಹೆಸರು



ಕೆಲವು ವಾರಗಳ ಹಿಂದೆ ನಮ್ಮ ತರಗತಿಯಲ್ಲಿ ಆಡಂ ಸ್ಮಿತ್ತನ ಪ್ರಸಿದ್ಧವಾದ ಅರ್ಥಶಾಸ್ತ್ರ ಗ್ರಂಥದ ಮೊದಲನೆಯ ಅಧ್ಯಾಯವನ್ನು ಓದಿಸುತ್ತಿದ್ದೆವು. 1776ರಲ್ಲಿ ಪ್ರಕಟವಾದ ಈ ಗ್ರಂಥದ ಆರಂಭದಲ್ಲಿಯೇ, ಕೆಲಸವನ್ನು ಭಾಗಮಾಡಿ ಹಂಚಿಕೊಳ್ಳುವುದರಿಂದ ಎಷ್ಟು ಲಾಭವುಂಟೆಂಬುದನ್ನು ತೋರಿಸಲು ಗ್ರಂಥಕರ್ತನು ಕಮ್ಮಾರರ ಉದಾಹರಣೆಯನ್ನು ಕೊಡುತ್ತಾನೆ. ಸುತ್ತಿಗೆ ಹಿಡಿದು ಪಳಗಿದ್ದರೂ ಮೊಳೆ ಮಾಡಿ ಅಭ್ಯಾಸವಿಲ್ಲದ ಕಮ್ಮಾರನು ದಿನವೊಂದಕ್ಕೆ 200 ಅಥವಾ 300 ಮೊಳೆಗಳಿಗಿಂತ ಹೆಚ್ಚು ಮಾಡಲಾರನಂತೆ. ಮೊಳೆಯನ್ನಲ್ಲದೆ ಬೇರೇನನ್ನೂ ಮಾಡದ, ಇಪ್ಪತ್ತು ವರ್ಷ ತುಂಬದ ಹುಡುಗರು 2300ಕ್ಕೂ ಹೆಚ್ಚು ಮೊಳೆಗಳನ್ನು ಮಾಡುವುದನ್ನು ತಾನೇ ಕಂಡುದಾಗಿ ಅವನು ಬರೆಯುತ್ತಾನೆ.

ಪಾಠ ಮುಗಿದ ಮೇಲೆ, ಉತ್ತರ ಕರ್ನಾಟಕದ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಮೇಜಿನ ಬಳಿ ನಿಂತು, ಹಾಜರಿ ಕೂಗುವಾಗ ತನ್ನ ಹೆಸರಿನ ಕೊನೆಗಿರುವ 'ಕಮ್ಮಾರ' ಎಂಬುದನ್ನು ಬಿಟ್ಟು ಕರೆಯಬಹುದೇ ಎಂದು ಸಂಕೋಚದಿಂದ ಕೇಳಿದನು. ಏಕೆಂದು ವಿಚಾರಿಸಿದೆವು. “ಕೂಗಿದ ಕೂಡಲೇ ಎಲ್ಲಾರಿಗೂ ಗೊತ್ತಾಗತೈತ್ರಿ, ಸರ್” ಎಂದಷ್ಟೇ ಹೇಳಿದನು. ಆ ದಿನ ಅವನಿಗೆ ನಾವು ತಕ್ಕ ಉತ್ತರವನ್ನು ಕೊಡಲಿಲ್ಲ. ಮನೆಗೆ ಬಂದ ಮೇಲೆ ಒಂದು ಸಂಗತಿ ಹೊಳೆಯಿತು. ಆ ಗಂಟೆಯೆಲ್ಲ ನಾವು ಗೌರವದಿಂದ ಉಚ್ಚರಿಸುತ್ತಿದ್ದ ಹೆಸರಿಗೂ, ಆ ಹುಡುಗನು ಮರೆಮಾಡಬೇಕೆಂದು ಬೇಡಿದ ಹೆಸರಿಗೂ ಅರ್ಥ ಒಂದೇ. ಸ್ಮಿತ್ ಎಂದರೆ ಕಮ್ಮಾರ. ಒಂದೇ ಅರ್ಥದ ಎರಡು ಹೆಸರುಗಳಿಗೆ ಇಷ್ಟು ಬೇರೆಬೇರೆಯಾದ ಹಣೆಬರಹ ಹೇಗೆ ಬಂದಿತು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸ್ಮಿತ್ ಎಂಬ ಹೆಸರಿನ ಚರಿತ್ರೆಯನ್ನು ತಮ್ಮ ಮುಂದೆ ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ.

ಮೊದಲು ಶಬ್ದದ ವಿಚಾರ. ಸ್ಮಿತ್ ಎಂಬುದು ಪ್ರಾಚೀನ ಇಂಗ್ಲಿಷಿನ ಶುದ್ಧ ದೇಶ್ಯ ಶಬ್ದ. ಜರ್ಮನರ ಶ್ಮಿಟ್ ಎಂಬ ಹೆಸರು ಇದರ ದಾಯಾದಿ. 'ಹೊಡೆ' ಎಂಬ ಅರ್ಥದ ಸ್ಮೈಟ್ ಎಂಬ ಧಾತುವಿನಿಂದ ಇದು ಬಂದಿತೆಂದು ಜನ ಹೇಳುವುದುಂಟು. ಕಮ್ಮಾರನ ಕೆಲಸ ಹೊಡೆಯುವುದೇ ಆದ್ದರಿಂದ ಈ ನಿರುಕ್ತಿ ಕಿವಿಗೆ ಹಿತವಾಗಿದೆ. ಆದರೆ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಆದಿಯಲ್ಲಿ ಈ ಶಬ್ದಕ್ಕೆ 'ಕೈಕೆಲಸದಲ್ಲಿ ನಿಪುಣ' ಎಂಬ ವಿಶಾಲವಾದ ಅರ್ಥವಿತ್ತು. ಇದರ ಸೋದರ ಭಾಷೆಯಾದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಹಡಗು ಕಟ್ಟುವ ಬಡಗಿಯನ್ನೂ ಇದೇ ಶಬ್ದದಿಂದ ಕರೆಯುತ್ತಿದ್ದರು. ಬರಬರುತ್ತ ಇಂಗ್ಲಿಷಿನಲ್ಲಿ ಅರ್ಥವು ಸಂಕೋಚಗೊಂಡು ಲೋಹದ ಕೆಲಸದವನೆಂದು ನಿಂತಿತು. ನಮ್ಮ 'ಕಮ್ಮಾರ' ಶಬ್ದದ ಕಥೆಯೂ ಇದಕ್ಕೆ ದೂರವಾದುದಲ್ಲ. ಅದು ಸಂಸ್ಕೃತದ 'ಕರ್ಮಾರ' ಶಬ್ದದ ತದ್ಭವ. ಋಗ್ವೇದದಷ್ಟು ಹಳೆಯ ಮಾತು. ಕರ್ಮವೆಂದರೆ ಕೆಲಸ. ಎರಡು ಜನಾಂಗಗಳೂ ಕೆಲಸಗಾರನೆಂಬ ಹೆಸರನ್ನು ಕುಲುಮೆಯ ಮುಂದೆ ಕುಳಿತವನಿಗೆ ಬಿಟ್ಟುಕೊಟ್ಟಂತೆ ಕಾಣುತ್ತದೆ.

ಇನ್ನು ಇದು ಮನೆತನದ ಹೆಸರಾದ ಬಗೆ. ಇಂಗ್ಲೆಂಡಿನ ಉತ್ತರ ಭಾಗದ ಡರ್‌ಹ್ಯಾಮ್ ಸೀಮೆಯಲ್ಲಿ ಕ್ರಿ.ಶ. 975ರ ಸುಮಾರಿನಲ್ಲಿಯೇ ಎಕ್ಕಿಯಾರ್ಡ್ ಸ್ಮಿತ್ ಎಂಬವನ ಹೆಸರು ಸಿಕ್ಕುತ್ತದೆ. ಆದರೆ ಅದು ಅವನೊಬ್ಬನ ಉದ್ಯೋಗದ ಗುರುತು. ಅವನ ಮಗನೂ ಸ್ಮಿತ್ತನೇ ಆಗಬೇಕೆಂಬ ಕಟ್ಟಳೆ ಆಗ ಇರಲಿಲ್ಲ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ, ಮೊದಲು ಭೂಮಿಕಾಣಿಯುಳ್ಳ ಸಿರಿವಂತರಲ್ಲಿ, ಅನಂತರ ಪೇಟೆಯವರಲ್ಲಿ, ಕಡೆಗೆ ಸಾಮಾನ್ಯ ಒಕ್ಕಲಿನವರಲ್ಲಿ ವಂಶಪಾರಂಪರ್ಯವಾದ ಹೆಸರುಗಳು ಬೇರೂರಿದುವು. ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಭಾಗದಲ್ಲಿ ಈ ಪದ್ಧತಿ ನೆಲೆಗೊಂಡಿತ್ತು. ಇದಕ್ಕೆ ಕಾರಣಗಳಿಲ್ಲದಿಲ್ಲ. ನಾರ್ಮನರ ತರುವಾಯ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಕೆಲವೇ ಹೆಸರುಗಳು ದೇಶವನ್ನೆಲ್ಲ ಆವರಿಸಿದುವು. ಹಳ್ಳಿಯೊಂದರಲ್ಲಿ ಹತ್ತಾರು ಜಾನರಿದ್ದರೆ ತೆರಿಗೆ ಯಾರದು, ಜಮೀನು ಯಾರದು? 1377ರಿಂದ 1381ರವರೆಗೆ ಮೂರು ಸಲ ತಲೆಗಂದಾಯವನ್ನು ವಿಧಿಸಿದಾಗ ಲೆಕ್ಕ ಬರೆಯುವವರಿಗೆ ಎರಡನೆಯ ಹೆಸರಿಲ್ಲದೆ ಕೆಲಸ ನಡೆಯುವಂತಿರಲಿಲ್ಲ. 1538ರಲ್ಲಿ ಪ್ರತಿಯೊಂದು ಇಗರ್ಜಿಯೂ ಜನನ ಸಂಸ್ಕಾರ, ವಿವಾಹ, ಶವಸಂಸ್ಕಾರಗಳನ್ನು ದಾಖಲೆ ಮಾಡಬೇಕೆಂದು ಆಜ್ಞೆಯಾದ ಮೇಲಂತೂ ಹೆಸರುಗಳು ಶಾಯಿಯಲ್ಲಿ ಗಟ್ಟಿಯಾದುವು.

ಹೀಗೆ ಹುಟ್ಟಿದ ಹೆಸರುಗಳು ನಾಲ್ಕು ಬಗೆ. ಊರು ಗುಡ್ಡಗಳಿಂದ ಬಂದವು, ತಂದೆಯ ಹೆಸರಿನಿಂದ ಬಂದವು, ಮೈಬಣ್ಣ ನಡತೆಗಳಿಂದ ಬಂದವು, ಉದ್ಯೋಗದಿಂದ ಬಂದವು. ಹಿಲ್ ಎಂಬವನು ಗುಡ್ಡದ ಕಡೆಯವನು, ಜಾನ್ಸನ್ ಜಾನನ ಮಗ, ಬ್ರೌನ್ ಕಂದುಬಣ್ಣದವನು, ಟೇಲರ್ ದರ್ಜಿ, ಬೇಕರ್ ರೊಟ್ಟಿ ಸುಡುವವನು, ಸ್ಮಿತ್ ಕಮ್ಮಾರ.

ಈ ಎಲ್ಲ ಹೆಸರುಗಳಲ್ಲಿ ಸ್ಮಿತ್ ಎಂಬುದೇ ಇಂಗ್ಲೆಂಡಿನಲ್ಲಿ ಅತ್ಯಂತ ಸಾಮಾನ್ಯವಾದುದು. ಆ ದೇಶದಲ್ಲಿ ಕಮ್ಮಾರರ ಸಂಖ್ಯೆ ಎಲ್ಲರಿಗಿಂತ ಹೆಚ್ಚಾಗಿದ್ದಿತೇ ಎಂದು ಯಾರಾದರೂ ಕೇಳಬಹುದು. ನಿಜಸಂಗತಿ ಇದಕ್ಕೆ ವಿರುದ್ಧವಾಗಿದೆ. ಹೆಚ್ಚಾಗಿದ್ದವರು ಒಕ್ಕಲಿಗರು. ಹೆಸರಿನ ಕೆಲಸ ಒಬ್ಬನನ್ನು ಹತ್ತು ಮಂದಿಯಿಂದ ಬೇರ್ಪಡಿಸುವುದು. ಊರೆಲ್ಲ ಉಳುವವರೇ ಆಗಿರುವಲ್ಲಿ 'ಉಳುವ ಜಾನ್' ಎಂದು ಕೂಗಿದರೆ ಬೀದಿಯೇ ತಿರುಗಿ ನೋಡೀತು. 'ಕಮ್ಮಾರ ಜಾನ್' ಎಂದರೆ ಒಬ್ಬನೇ ತಲೆಯೆತ್ತುವನು. ನಮ್ಮ ಹಳ್ಳಿಗಳ ಆಯಗಾರರಲ್ಲಿ ಕಮ್ಮಾರನಿಗೆ ಸ್ಥಾನವಿದ್ದಂತೆ, ಅಲ್ಲಿಯೂ ನೇಗಿಲಿನ ಕುಳ, ಕುಡುಗೋಲು, ಕುದುರೆಯ ಲಾಳ ಇವುಗಳಿಗಾಗಿ ಊರೂರಿಗೂ ಕಮ್ಮಾರನು ಬೇಕೇ ಬೇಕು. ಆದರೆ ಊರಿಗೆ ಒಬ್ಬನೋ ಇಬ್ಬರೋ ಸಾಕು. ಪ್ರತಿಯೊಂದು ಊರಿನಲ್ಲಿಯೂ ವಿರಳನಾಗಿದ್ದುದರಿಂದಲೇ ಅವನು ದೇಶದಲ್ಲೆಲ್ಲ ವಿಪುಲನಾದನು. ಊರೂರಲ್ಲಿ ಬೇರೆಬೇರೆಯಾಗಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ನೂರಾರು ಸಲ ಈ ಹೆಸರು ಹೊಸದಾಗಿ ಹುಟ್ಟಿತು. ಆದುದರಿಂದ ಸ್ಮಿತ್ತರದು ಒಂದು ವಂಶವಲ್ಲ. ನೂರಾರು ಕುಲುಮೆಗಳಿಂದ ಹಾರಿದ ಕಿಡಿಗಳು ಅವರು.

ಈ ನಿಯಮ ಇಂಗ್ಲೆಂಡಿಗೆ ಮಾತ್ರವೇ ಸೇರಿದುದಲ್ಲ. ಫ್ರಾನ್ಸಿನ ಲಫೆವ್ರ್, ಇಟಲಿಯ ಫೆರಾರಿ, ಹಂಗೆರಿಯ ಕೊವಾಚ್, ಪೋಲೆಂಡಿನ ಕೊವಾಲ್‌ಸ್ಕಿ, ರಷ್ಯದ ಕುಜ್ನೆಟ್ಸಾಫ್, ಅರಬ್ಬರ ಹದ್ದಾದ್ ಇವೆಲ್ಲವೂ ಕಬ್ಬಿಣದ ಮತ್ತು ಕಮ್ಮಾರನ ಹೆಸರುಗಳೇ. ಇಂಗ್ಲಿಷಿನಲ್ಲಿಯೇ ಶಾಖೆಗಳು ಹಲವು. ಗೋಲ್ಡ್‌ಸ್ಮಿತ್ ಅಕ್ಕಸಾಲಿಗ, ಆರೋಸ್ಮಿತ್ ಬಾಣದ ಅಲಗನ್ನು ಮಾಡುವವನು, ನೇಸ್ಮಿತ್ ಚೂರಿ ಮಾಡುವವನು. 1839ರಲ್ಲಿ ಉಗಿಯ ಬಲದಿಂದ ನಡೆಯುವ ಮಹಾಸುತ್ತಿಗೆಯನ್ನು ಕಲ್ಪಿಸಿ, ಸಾವಿರ ಕಮ್ಮಾರರ ತೋಳುಗಳಿಗೆ ಮೀರಿದ ಕೆಲಸವನ್ನು ಯಂತ್ರಕ್ಕೆ ವಹಿಸಿದ ಸ್ಕಾಟ್ಲೆಂಡಿನ ಶಿಲ್ಪಿಯ ಹೆಸರು ಜೇಮ್ಸ್ ನೇಸ್ಮಿತ್ ಎಂಬುದು ವಿನೋದವಾಗಿದೆ.

ಹೆಸರಿನ ಹರಡಿಕೆಯನ್ನು ಈಗ ನೋಡೋಣ. 1881ರ ಖಾನೇಷುಮಾರಿಯಲ್ಲಿ ಗ್ರೇಟ್ ಬ್ರಿಟನ್ನಿನ ಸ್ಮಿತ್ತರು ನಾಲ್ಕು ಲಕ್ಷಕ್ಕೂ ಹೆಚ್ಚಾಗಿದ್ದರು. ಇಂಗ್ಲೆಂಡಿನಲ್ಲಿರುವಂತೆ ಸ್ಕಾಟ್ಲೆಂಡಿನಲ್ಲಿಯೂ ಇದೇ ಮೊದಲನೆಯ ಹೆಸರು. ವೇಲ್ಸಿನಲ್ಲಿ ಮಾತ್ರ ಜೋನ್ಸ್ ಎಂಬುದು ಇದನ್ನು ಹಿಂದೆ ಹಾಕಿದೆ. ಹಡಗು ಹತ್ತಿ ಹೊರಟ ಇಂಗ್ಲಿಷರೊಡನೆ ಹೆಸರೂ ಹೊರಟಿತು. ನಮ್ಮ ನಾಡಿನ ಚರಿತ್ರೆಯಲ್ಲಿಯೂ ಅದರ ಸುಳಿವುಂಟು. 1767ರಲ್ಲಿ ಹೈದರಾಲಿಯನ್ನೆದುರಿಸಿ ಕಾದಿದ ಇಂಗ್ಲಿಷ್ ಸೇನಾನಿ ಕರ್ನಲ್ ಜೋಸೆಫ್ ಸ್ಮಿತ್. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2000ನೆಯ ಇಸವಿಯ ಖಾನೇಷುಮಾರಿಯಲ್ಲಿ 23,76,206 ಮಂದಿಯೂ, 2010ರಲ್ಲಿ 24,42,977 ಮಂದಿಯೂ ಈ ಹೆಸರಿನವರಿದ್ದರು. ಎರಡು ಸಲವೂ ಅಲ್ಲಿ ಮೊದಲನೆಯ ಸ್ಥಾನ ಇದಕ್ಕೇ.

ಆದರೆ ಈ ಅಂಕಿಗಳಿಂದ ಅಷ್ಟೂ ಜನ ಇಂಗ್ಲಿಷರ ಸಂತತಿಯೆಂದು ಎಣಿಸತಕ್ಕದ್ದಲ್ಲ. ಐರ್ಲೆಂಡಿನ, ಅದರಲ್ಲಿಯೂ ಕ್ಯಾವನ್ ಸೀಮೆಯ, ಮ್ಯಾಕ್‌ಗೋವನ್ನರು ಇಂಗ್ಲಿಷರ ಆಳಿಕೆಯಲ್ಲಿ ತಮ್ಮ ಹೆಸರನ್ನು ಭಾಷಾಂತರಿಸಿಕೊಂಡು ಸ್ಮಿತ್ತರಾದರು. ಅವರ ಹೆಸರಿಗೂ ಕಮ್ಮಾರನ ಮಗನೆಂದೇ ಅರ್ಥ. ಅಮೆರಿಕಕ್ಕೆ ಹೋದ ಜರ್ಮನ್ ಶ್ಮಿಟ್ಟರಲ್ಲಿ ಅನೇಕರು ನೆರೆಹೊರೆಯವರ ನಾಲಗೆಗೆ ಅನುಕೂಲವಾಗಲೆಂದು ಸ್ಮಿತ್ತರಾದರು. 1917ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಹೂಡಿದಾಗ ಭಯದಿಂದ ಆದವರೂ ಉಂಟು. 2010ರ ಲೆಕ್ಕದಲ್ಲಿ ಅಮೆರಿಕದ ಸ್ಮಿತ್ತರ ಪೈಕಿ ನೂರಕ್ಕೆ ಸುಮಾರು 23 ಮಂದಿ ಕರಿಯರು. ಅವರಲ್ಲಿ ಬಹುಮಂದಿಯ ಪೂರ್ವಿಕರನ್ನು ಆಫ್ರಿಕದಿಂದ ಸೆರೆತಂದು ಗುಲಾಮರನ್ನಾಗಿ ದುಡಿಸಿಕೊಂಡಿದ್ದರು. 1865ರಲ್ಲಿ ಗುಲಾಮಗಿರಿ ಅಳಿದಾಗ ಕೆಲವರು ಹಿಂದಿನ ಒಡೆಯನ ಹೆಸರನ್ನೇ ಉಳಿಸಿಕೊಂಡರು. ಕೆಲವರು ತಮಗೆ ಬೇಕಾದುದನ್ನು ಆರಿಸಿಕೊಂಡರು. ಅಂತು ಒಂದೇ ಹೆಸರಿನ ಕೆಳಗೆ ಕಸುಬುದಾರ, ಒಡೆಯ, ಗುಲಾಮ, ವಲಸೆಗಾರ ಎಲ್ಲರ ಮಕ್ಕಳೂ ಕಲೆತುಹೋಗಿದ್ದಾರೆ.

ಇಷ್ಟು ಸಾಮಾನ್ಯವಾದ ಹೆಸರಿನ ಬಗ್ಗೆ ನಾಚಿಕೆಪಟ್ಟವರು ಇಂಗ್ಲೆಂಡಿನಲ್ಲಿ ಇಲ್ಲವೇ? ಇದ್ದಾರೆ. ಅಕ್ಷರವೊಂದನ್ನು ಬದಲಿಸಿ, ಕೊನೆಗೊಂದನ್ನು ಸೇರಿಸಿ, ಸ್ಮೈದ್ ಎಂದು ದೀರ್ಘವಾಗಿ ಉಚ್ಚರಿಸಿ ತಮ್ಮನ್ನು ಕುಲುಮೆಯಿಂದ ದೂರಮಾಡಿಕೊಂಡವರನ್ನು ಕುರಿತು ಆ ದೇಶದಲ್ಲಿ ಹಾಸ್ಯ ಬೇಕಾದಷ್ಟಿದೆ. ಹಾಗೆ ಬರೆಯುವವರೆಲ್ಲರೂ ಡಂಭಾಚಾರಿಗಳೆಂದರೆ ಅನ್ಯಾಯವಾದೀತು. ಹಳೆಯ ಲಿಪಿಕಾರರು ಎರಡು ರೀತಿಯಾಗಿಯೂ ಬರೆಯುತ್ತಿದ್ದರು.

ಹೆಸರನ್ನು ಬಿಟ್ಟವನ ಮತ್ತು ಹಿಡಿದವನ ಕಥೆಯೊಂದು ಇಲ್ಲಿ ಹೇಳತಕ್ಕದ್ದಾಗಿದೆ. ಯಾರ್ಕ್‌ಷೈರಿನ ಹ್ಯೂ ಸ್ಮಿತ್‌ಸನ್ ಎಂಬ ಶ್ರೀಮಂತನು, ಎಂದರೆ ಹೆಸರಿನ ಪ್ರಕಾರ 'ಕಮ್ಮಾರನ ಮಗ'ನು, ಪರ್ಸಿ ಎಂಬ ಮಹಾಕುಲದ ಆಸ್ತಿಗೆ ಮುಂದೆ ಬಾಧ್ಯಳಾದ ಕನ್ಯೆಯನ್ನು 1740ರಲ್ಲಿ ಮದುವೆಯಾದನು. ಮುಂದೆ ಪಾರ್ಲಿಮೆಂಟಿನ ಶಾಸನದ ಮೂಲಕ ಸ್ಮಿತ್‌ಸನ್ ಹೆಸರನ್ನು ತೊರೆದು ಪರ್ಸಿಯಾಗಿ, 1766ರಲ್ಲಿ ನಾರ್ತಂಬರ್ಲೆಂಡಿನ ಡ್ಯೂಕನೂ ಆದನು. ಅವನಿಗೆ ವಿವಾಹಬಾಹಿರನಾದ ಮಗನೊಬ್ಬನಿದ್ದನು. ತಂದೆಯ ಪದವಿಯಾಗಲಿ ಪರ್ಸಿ ಹೆಸರಾಗಲಿ ಅವನಿಗೆ ಸಲ್ಲುವಂತಿರಲಿಲ್ಲ. ತಾಯಿ 1800ರಲ್ಲಿ ತೀರಿಕೊಂಡ ಬಳಿಕ ಅವನು, ತಂದೆ ಬಿಸುಟ ಸ್ಮಿತ್‌ಸನ್ ಎಂಬ ಹೆಸರನ್ನೇ ಎತ್ತಿಕೊಂಡು ಜೇಮ್ಸ್ ಸ್ಮಿತ್‌ಸನ್ ಎನಿಸಿದನು. ಕಮ್ಮಾರರ ಮೇಲಿನ ಅಭಿಮಾನದಿಂದಲ್ಲ, ತಾನು ಯಾರ ಮಗನೆಂಬುದು ಲೋಕಕ್ಕೆ ತಿಳಿಯಲೆಂದು. ರಸಾಯನಶಾಸ್ತ್ರದಲ್ಲಿ ಪಂಡಿತನಾಗಿ, 1829ರಲ್ಲಿ ಅವನು ಮಡಿದಾಗ, ಸೋದರನ ಮಗನಿಗೆ ಸಂತಾನವಾಗದಿದ್ದರೆ ತನ್ನ ಸ್ವತ್ತೆಲ್ಲವೂ ಅಮೆರಿಕದ ಪ್ರಜೆಗಳಿಗೆ ಸೇರಿ, ವಾಷಿಂಗ್ಟನ್ನಿನಲ್ಲಿ ತನ್ನ ಹೆಸರಿನ ಒಂದು ಜ್ಞಾನಸಂಸ್ಥೆ ಏಳಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದನು. ಹಾಗೆಯೇ ಆಯಿತು. ಸುಮಾರು 5 ಲಕ್ಷ ಡಾಲರುಗಳ ಆ ದತ್ತಿಯಿಂದ 1846ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಸ್ಥಾಪಿತವಾಯಿತು. ಇಂದು ಲೋಕದ ಮೂಲೆಮೂಲೆಗಳಿಂದ ವಸ್ತುಪ್ರದರ್ಶನಾಲಯಗಳನ್ನು ನೋಡಲು ಹೋಗುವವರು ಉಚ್ಚರಿಸುವುದು ಡ್ಯೂಕನು ಒಲ್ಲೆನೆಂದು ಬಿಟ್ಟ ಹೆಸರನ್ನು. ಅವನು ಪರಿಶೀಲಿಸಿದ ಸತುವಿನ ಅದಿರೊಂದಕ್ಕೂ ಸ್ಮಿತ್‌ಸೊನೈಟ್ ಎಂದು ಹೆಸರಿಟ್ಟಿದ್ದಾರೆ. ಕಮ್ಮಾರನ ಹೆಸರು ಹೀಗೆ ಮತ್ತೆ ಲೋಹಕ್ಕೆ ಬಂದು ಸೇರಿತು.

ಈಗ ನಮ್ಮ ವಿದ್ಯಾರ್ಥಿಯ ಮಾತಿಗೆ ಬರೋಣ. ಮೈಸೂರು ಸೀಮೆಯವರಾದ ನಮ್ಮಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳ ಹಿಂದೆ ನಾವು ಸುಖವಾಗಿ ಅಡಗಿಕೊಂಡಿದ್ದೇವೆ. ಉತ್ತರದ ಜಿಲ್ಲೆಗಳಲ್ಲಿ ಕಮ್ಮಾರ, ಬಡಿಗೇರ, ಪತ್ತಾರ, ಕುಂಬಾರ ಎಂದು ಕಸುಬು ಹೆಸರಿನಲ್ಲಿಯೇ ನಿಂತಿದೆ. “ಸ್ಮಿತ್ತನನ್ನು ನೋಡು, ನಾಚಬೇಡ” ಎಂದು ಆ ಹುಡುಗನಿಗೆ ಉಪದೇಶ ಮಾಡುವುದು ಸುಲಭ. ಆದರೆ ಅದು ಅರ್ಧ ಸತ್ಯ. ಆಡಂ ಸ್ಮಿತ್ತನ ತಂದೆ ಸುಂಕದ ಇಲಾಖೆಯ ಅಧಿಕಾರಿಯಾಗಿದ್ದನು. ಅವನ ಹೆಸರನ್ನು ಕೇಳಿ ಯಾರೂ ಅವನನ್ನು ತಿದಿಯ ಪಕ್ಕದಲ್ಲಿ ಕೂರಿಸಲಿಲ್ಲ. ಇಂಗ್ಲೆಂಡಿನಲ್ಲಿ ಹೆಸರು ಉಳಿಯಿತು, ಕಸುಬು ಕಳಚಿತು. ಇಲ್ಲಿ ಕಸುಬು ಕಳಚಿದ ಮೇಲೆಯೂ ಹೆಸರನ್ನು ಕೇಳಿದವನು ಜಾತಿಯನ್ನು ಎಣಿಸುತ್ತಾನೆ, ಕೂರಿಸಬೇಕಾದ ಸ್ಥಳವನ್ನು ಮನಸ್ಸಿನಲ್ಲಿಯೇ ಗೊತ್ತುಮಾಡುತ್ತಾನೆ. ಹುಡುಗನು ಅಂಜಿದುದು ತನ್ನ ಹೆಸರಿಗಲ್ಲ, ನಮ್ಮ ಕಿವಿಗೆ. ತಿದ್ದಬೇಕಾದುದು ಹಾಜರಿ ಪುಸ್ತಕವಲ್ಲವೆಂದು ನಮಗೆ ತೋರುತ್ತದೆ.

ಕಿವಿ ತಿದ್ದಲಾರದುದೇನೂ ಅಲ್ಲ. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಕವಿ ಚಂದ್ರಶೇಖರ ಕಂಬಾರರ ಹೆಸರನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಕಂಬಾರನೆಂದರೂ ಕಮ್ಮಾರನೇ. ಅಲ್ಲಿ ಆ ಹೆಸರು ಕವಿತೆಯನ್ನು ನೆನಪಿಗೆ ತರುತ್ತದೆಯೇ ಹೊರತು ಬೇರೇನನ್ನೂ ಅಲ್ಲ. ಒಬ್ಬ ಕವಿಗೆ ನಾವು ಕೊಟ್ಟ ಈ ಮರ್ಯಾದೆಯನ್ನು ಹದಿನೆಂಟು ವರ್ಷದ ವಿದ್ಯಾರ್ಥಿಗೂ ಕೊಡಲು ಅವನು ಜ್ಞಾನಪೀಠವನ್ನು ಗೆಲ್ಲುವವರೆಗೆ ಕಾಯಬೇಕೇ?

ಮರುದಿನ ಆ ಹುಡುಗನನ್ನು ಕರೆದು, ಸ್ಮಿತ್ ಎಂಬ ಶಬ್ದದ ಅರ್ಥವನ್ನು ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಆ ಪುಸ್ತಕಾ ಬರದಾಂವನೂ ನಮ್ಮವನs ಅನ್ರಿ” ಎಂದು ನಕ್ಕನು. ಆದರೂ ಹಾಜರಿಯಲ್ಲಿ ಅವನು ಕೇಳಿಕೊಂಡಂತೆಯೇ ಕರೆಯುತ್ತಿದ್ದೇವೆ. ಹೆಸರು ಅವನದು, ಪೂರ್ತಿಯಾಗಿ ಕೂಗಿರೆಂದು ಅವನೇ ಹೇಳುವ ದಿನ ಬಂದರೆ ನಮಗೆ ಸಂತೋಷ. ಆ ದಿನ ಹತ್ತಿರವಾಗುವುದು ಅವನಿಗಿಂತ ಹೆಚ್ಚಾಗಿ, ತರಗತಿಯಲ್ಲಿ ಉಳಿದ ಬೆಂಚುಗಳ ಮೇಲೆ ಕುಳಿತವರಿಂದ.