ಕಿಟಕಿ ಬಿದ್ದ ದ್ವೀಪ



ಬಿದ್ದುಹೋದ ವಸ್ತುವೊಂದು ಇದ್ದ ಜಾಗವನ್ನು ನೋಡುವುದಕ್ಕೋಸ್ಕರ ಜನರು ಕಡಲು ದಾಟಿ ಹೋಗುವುದುಂಟೇ? ಮೆಡಿಟರೇನಿಯನ್ ಸಮುದ್ರದ ಗೋಜೋ ದ್ವೀಪದಲ್ಲಿ ಇದು ಪ್ರತಿದಿನವೂ ನಡೆಯುವ ಸಂಗತಿ. ನಾವು ಹೋದುದೂ ಹಾಗೆಯೇ.

ಸಿಸಿಲಿಗೆ ದಕ್ಷಿಣದಲ್ಲಿ ಸುಮಾರು 60 ಮೈಲಿ ದೂರದಲ್ಲಿರುವ ಮಾಲ್ಟಾ ರಾಜ್ಯಕ್ಕೆ ಸೇರಿದ ಈ ದ್ವೀಪದ ವಿಸ್ತೀರ್ಣವು ಸುಮಾರು 26 ಚದರ ಮೈಲಿ ಮಾತ್ರ. ಮಾಲ್ಟಾದ ಉತ್ತರದ ತುದಿಯಿಂದ ಹಡಗು ಅರ್ಧ ಗಂಟೆಯೊಳಗಾಗಿ ಅಲ್ಲಿಗೆ ಮುಟ್ಟಿಸುವುದು. ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು, ಹೊಲದ ಬದುಗಳಲ್ಲಿ ಪಾಪಾಸುಕಳ್ಳಿ, ನೆತ್ತಿ ಚಪ್ಪಟೆಯಾದ ಗುಡ್ಡಗಳು ಮೊದಲು ಕಣ್ಣಿಗೆ ಬೀಳುವುವು. ಗುಡ್ಡದ ಮೇಲಿನ ಸುಣ್ಣಕಲ್ಲು ಮಳೆಯ ನೀರನ್ನು ಕುಡಿಯುವುದು. ಅದರ ಕೆಳಗಿನ ನೀಲಿ ಜೇಡಿಯ ಪದರವು ಆ ನೀರನ್ನು ಇಳಿಯಗೊಡದೆ ತಡೆದು ನಿಲ್ಲಿಸುವುದು. ನದಿಯಿಲ್ಲದ ಈ ದ್ವೀಪದಲ್ಲಿ ಗುಡ್ಡದ ಮಗ್ಗುಲುಗಳು ಹಸುರಾಗಿರುವುದಕ್ಕೆ ಇದೇ ಕಾರಣ.

ಪಶ್ಚಿಮ ತೀರದಲ್ಲಿ ದ್ವೆಯ್ರಾ ಎಂಬ ಸ್ಥಳವುಂಟು. ಅಲ್ಲಿ ಸುಮಾರು 90 ಅಡಿ ಎತ್ತರದ ಒಂದು ಕಲ್ಲಿನ ಕಮಾನು ಇತ್ತು. ದಡದ ಬಂಡೆಯಿಂದ ಹೊರಟ ತೊಲೆಯೊಂದು ಕಡಲಿನಲ್ಲಿ ನಿಂತ ಕಂಬದ ಮೇಲೆ ಒರಗಿದಂತೆ ಅದರ ಆಕಾರ. ಜನರು ಅದನ್ನು 'ನೀಲಿ ಕಿಟಕಿ' ಎಂದು ಕರೆಯುತ್ತಿದ್ದರು. ಅಲೆಗಳು ಬಂಡೆಯ ದುರ್ಬಲವಾದ ಭಾಗವನ್ನು ಕೊರೆಕೊರೆದು ಅದನ್ನು ನಿರ್ಮಿಸಿದ್ದುವು. 2012ರಲ್ಲಿ ಅದರ ದೊಡ್ಡದೊಂದು ತುಂಡು ಕಳಚಿ ಬಿತ್ತು. ಕಮಾನಿನ ಮೇಲೆ ನಡೆಯುವುದನ್ನು ನಿಷೇಧಿಸಿ, ಮೀರಿದವರಿಗೆ ದಂಡವನ್ನೂ ವಿಧಿಸಲಾಯಿತು. ಆದರೆ 2017ರ ಮಾರ್ಚ್ 8ರ ಬೆಳಗ್ಗೆ ಬಿರುಗಾಳಿಯ ಹೊಡೆತಕ್ಕೆ ಕಂಬವು ಕುಸಿಯಿತು. ಕಂಬದೊಡನೆ ಕಮಾನೂ ಸಮುದ್ರದ ಪಾಲಾಯಿತು. ಉಕ್ಕಿನಿಂದ ಅದರ ಪ್ರತಿರೂಪವನ್ನು ಕಟ್ಟಬೇಕೆಂದು ಮರುವರ್ಷವೇ ರಷ್ಯದ ವಾಸ್ತುಶಿಲ್ಪಿಯೊಬ್ಬರು ಸೂಚಿಸಿದರು. ಅದನ್ನು ಕಟ್ಟದೆ ಬಿಟ್ಟುದು ಒಳ್ಳೆಯದೇ ಆಯಿತೆಂದು ನಮಗೆ ತೋರುವುದು.

ಏಕೆಂದರೆ, ಕಿಟಕಿಯನ್ನು ಕೆಡವಿದ ಕಡಲೇ ಅದರ ಸುತ್ತಲಿನ ಚೆಲುವನ್ನೆಲ್ಲ ಕಡೆದಿರುವುದು. ಸಮೀಪದಲ್ಲಿಯೇ 'ಒಳಗಡಲು' ಎಂಬ ಶಾಂತವಾದ ಕೊಳವೊಂದಿದೆ. ಪುರಾತನ ಕಾಲದಲ್ಲಿ ಗವಿಯೊಂದರ ಮಾಡು ಕುಸಿದುದರಿಂದ ಉಂಟಾದ ಕೊಳವಿದು. ಬೆಟ್ಟವನ್ನು ತೂರಿ ಹೋಗುವ ಸುಮಾರು 260 ಅಡಿ ಉದ್ದದ ಸುರಂಗವು ಇದನ್ನು ಹೊರಗಿನ ಸಮುದ್ರಕ್ಕೆ ಸೇರಿಸುವುದು. ಬೆಸ್ತರ ಸಣ್ಣ ದೋಣಿಯಲ್ಲಿ ನಾವು ಆ ಕತ್ತಲನ್ನು ದಾಟಿ ಹೊರಬಂದಾಗ, ನೀರಿನ ನೀಲಿಯು ಕಣ್ಣನ್ನು ಕುಕ್ಕುವಂತಿತ್ತು. ಕಮಾನಿನ ಬಂಡೆಗಳು ಬಿದ್ದಲ್ಲಿಯೇ ನೀರಿನೊಳಗೆ ಒರಗಿವೆ. ಮುಳುಗುಗಾರರು ಅವುಗಳ ನಡುವೆ ಈಜಿ ಬರುವರು. ದಡದ ಕಲ್ಲಿನಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಕಡಲಜೀವಿಗಳ ದುಂಡನೆಯ ಚಿಪ್ಪುಗಳು ಅಚ್ಚೊತ್ತಿದಂತೆ ಕಾಣುವುವು. ಸಮುದ್ರದ ತಳವೇ ಒಮ್ಮೆ ನೆಲವಾಗಿ ಎದ್ದಿತು. ಆ ನೆಲವು ಈಗ ಸ್ವಲ್ಪಸ್ವಲ್ಪವಾಗಿ ಸಮುದ್ರಕ್ಕೆ ಮರಳುತ್ತಿದೆ.

ಎದುರಿಗೆ ಸುಮಾರು 200 ಅಡಿ ಎತ್ತರದ ಒಂಟಿ ಬಂಡೆಯೊಂದು ನಿಂತಿದೆ. ಅದರ ನೆತ್ತಿಯಲ್ಲಿ ಬೆಳೆಯುವ ಕೆಂಪು ಸಸ್ಯವೊಂದನ್ನು ಮಾಲ್ಟಾವನ್ನಾಳಿದ ಸಂತ ಜಾನ್ ಪಂಥದ ವೀರರು ಅಣಬೆಯೆಂದು ಬಗೆದಿದ್ದರು. ಬಣ್ಣವು ರಕ್ತದಂತಿದ್ದುದರಿಂದ ಅದು ರಕ್ತಸ್ರಾವವನ್ನು ನಿಲ್ಲಿಸುವುದೆಂದು ಅವರ ನಂಬುಗೆ. 1746ರಲ್ಲಿ ಪಂಥಾಧಿಪತಿ ಪಿಂಟೋ ಅಲ್ಲಿಗೆ ಯಾರೂ ಹೋಗಕೂಡದೆಂದು ಆಜ್ಞಾಪಿಸಿ ಕಾವಲು ಇರಿಸಿದನು. ವಾಸ್ತವವಾಗಿ ಅದು ಅಣಬೆಯೇ ಅಲ್ಲ, ಅನ್ಯ ಗಿಡಗಳ ಬೇರನ್ನು ಹೀರಿ ಬದುಕುವ ಹೂಗಿಡ. ಕಾವಲಿನ ಕಾರಣವು ತಪ್ಪಾಗಿತ್ತು. ಆದರೂ ಮನುಷ್ಯನ ಕಾಲು ಸೋಕದಂತೆ ಒಂದು ಬಂಡೆಯನ್ನು ಕಾಯುವುದು ಸಾಧ್ಯವೆಂಬುದು ಅಂದೇ ಸಿದ್ಧವಾಯಿತು. ಈಗ ಆ ಬಂಡೆಯು ಸಂರಕ್ಷಿತ ಪ್ರಕೃತಿತಾಣ.

ಇಲ್ಲಿ ವಿವೇಚಿಸತಕ್ಕ ಅಂಶವೊಂದುಂಟು. ಕಡಲು ಮಾಡುವ ನಾಶ ಬೇರೆ, ನಾವು ಮಾಡುವ ನಾಶ ಬೇರೆ. ಮೊದಲನೆಯದನ್ನು ಯಾವ ಶಾಸನವೂ ತಡೆಯಲಾರದು, ಎರಡನೆಯದನ್ನು ತಡೆಯಬಹುದು. ಗೋಜೋ ಮತ್ತು ಮಾಲ್ಟಾಗಳ ನಡುವೆ ಕೊಮಿನೋ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ 'ನೀಲಿ ಕೊಲ್ಲಿ'ಯ ತಿಳಿನೀರಿಗೆ ಮನಸೋತು ಬೇಸಗೆಯಲ್ಲಿ ಬಂದು ಸೇರುವ ಜನರ ದಟ್ಟಣೆಯನ್ನು ತಾಳಲಾರದೆ, 2025ರಲ್ಲಿ ಒಮ್ಮೆಗೆ 4,000 ಮಂದಿಗೆ ಮಾತ್ರ ಪ್ರವೇಶವೆಂಬ ಕಟ್ಟುಪಾಡನ್ನು ಅಧಿಕಾರಿಗಳು ಜಾರಿಗೆ ತಂದರು. ಆ ಪುಟ್ಟ ದಡಕ್ಕೆ ಇದೂ ಸಣ್ಣ ಸಂಖ್ಯೆಯಲ್ಲ.

ಆದುದರಿಂದ ಈ ದ್ವೀಪಗಳನ್ನು ನೋಡಬಯಸುವವರಿಗೆ ನಮ್ಮದೊಂದು ಬಿನ್ನಹ. ಬೇಸಗೆಯನ್ನು ಬಿಟ್ಟು ವಸಂತದ ಆರಂಭದಲ್ಲಿ ಹೋಗಬೇಕು. ಆಗ ಚಳಿಗಾಲದ ಮಳೆಯಿಂದ ಹೊಲಗಳು ಹಸುರಾಗಿ, ಕಾಡುಹೂಗಳು ಅರಳಿ, ದಡಗಳಲ್ಲಿ ಜನವೂ ವಿರಳವಾಗಿರುವುದು. ದ್ವೆಯ್ರಾದ ಬಂಡೆಯ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತರೆ, ಅಲೆಗಳು ಮುಂದಿನ ಕಿಟಕಿಯನ್ನು ಕೊರೆಯುತ್ತಿರುವ ಸದ್ದು ಕೇಳುವುದು.