ಉಸಿರಿನ ಕಾವಲುಗಾರರು



ತರಗತಿಯಲ್ಲಿ ಪದ್ಯವನ್ನು ಓದಿಸುವಾಗ ಮಕ್ಕಳ ಕೆಮ್ಮು ನಡುವೆ ತಡೆಯುವುದನ್ನು ನಾವು ಕಂಡಿದ್ದೇವೆ. ಮಗ್ಗದ ಹತ್ತಿಯ ಧೂಳೂ ಬೀಡಿಯ ಹೊಗೆಯೂ ನಮ್ಮ ಮನೆಗಳಿಗೆ ಹೊಸತಲ್ಲ. ಇವುಗಳನ್ನು ತಡೆಯಲು ದೇಹವು ಮಾಡಿಕೊಂಡಿರುವ ಏರ್ಪಾಡನ್ನು ಅರಿಯೋಣ.

ಶ್ವಾಸನಾಳದ ಒಳಪೊರೆಯ ಮೇಲೆ ತೆಳುವಾದ ಲೋಳೆಯಿದೆ; ಧೂಳಿನ ಕಣಗಳೂ ರೋಗಾಣುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಅದರಡಿಯಲ್ಲಿ, ಒಂದೊಂದು ಜೀವಕೋಶಕ್ಕೆ ಸುಮಾರು 200ರಂತೆ, ಕಣ್ಣಿಗೆ ಕಾಣದ ಲೋಮಾಂಗಗಳಿವೆ. ಗಾಳಿಗೆ ತೂಗುವ ಜೋಳದ ಹೊಲದಂತೆ, ಸೆಕೆಂಡಿಗೆ 10-15 ಸಲ ಬಡಿಯುತ್ತ, ಅವು ಲೋಳೆಯನ್ನು ಗಂಟಲಿನತ್ತ ಮೇಲೇರಿಸುತ್ತವೆ. ನಾವು ಅರಿಯದೆಯೇ ಅದನ್ನು ನುಂಗುತ್ತೇವೆ.

ಬೀಡಿಯ ಹೊಗೆಯಾದರೋ ಈ ಕಾವಲುಗಾರರನ್ನೇ ಕುಂಠಿತಗೊಳಿಸುತ್ತದೆ. ಆಗ ಕಫ ಕಟ್ಟುತ್ತದೆ. ಅದನ್ನು ಹೊರದೂಡಲು ಕೆಮ್ಮೊಂದೇ ದಾರಿಯಾಗುತ್ತದೆ. ಬೀಡಿಯನ್ನು ತೊರೆದರೆ ಲೋಮಾಂಗಗಳು ಕ್ರಮೇಣ ಚೇತರಿಸಿಕೊಳ್ಳುವುವು. ಆದುದರಿಂದ ನಾವು ಬೀಡಿಯನ್ನು ಬಿಡೋಣ. ಮಗ್ಗದ ಮುಂದೆ ಮೂಗುಬಾಯಿಗಳನ್ನು ಮುಚ್ಚಿಕೊಳ್ಳೋಣ. ಮಕ್ಕಳ ಕನ್ನಡವು ತಡೆಯಿಲ್ಲದೆ ಮೊಳಗಲಿ.