ಕೊಟ್ಟಿಗೆಯ ಗಂಜಳವೂ ಹುಲ್ಲಿನ ಬೆಳೆಯೂ

(ಒಕ್ಕಲಿಗರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಕಡೆಯ ಹಳ್ಳಿಗಳಲ್ಲಿ ಮುಂಜಾನೆ ತಿರುಗಾಡಿದವರಿಗೆ ಒಂದು ನೋಟವು ಮೇಲಿಂದ ಮೇಲೆ ಕಣ್ಣಿಗೆ ಬೀಳುವುದು. ದನದ ಕೊಟ್ಟಿಗೆಯ ಬಾಗಿಲಿನಿಂದ ಕಪ್ಪುನೀರಿನ ಸಣ್ಣ ಹರಿಯೊಂದು ಹೊರಟು, ಓಣಿಯನ್ನು ದಾಟಿ, ಗಟಾರವನ್ನು ಸೇರುವುದು. ಹಾಯುವವರು ಧೋತರವನ್ನು ಎತ್ತಿ ಹಿಡಿದು ದಾಟುವರು. ನೆರೆಮನೆಯವರು ಮೂಗು ಮುಚ್ಚಿಕೊಂಡು ಎರಡು ಮಾತು ಆಡುವರು. ಕೊಟ್ಟಿಗೆಯ ಒಡೆಯನಾದರೋ ಅದೇ ದಿನ ಯೂರಿಯಾ ಚೀಲಕ್ಕಾಗಿ ಸೊಸಾಯಟಿಯ ಮುಂದೆ ಸರದಿಯಲ್ಲಿ ನಿಂತಿರುವನು. ಓಣಿಗೆ ಹರಿದುಹೋದುದೂ ಚೀಲದಲ್ಲಿ ಬರುವುದೂ ಮೂಲದಲ್ಲಿ ಒಂದೇ ವಸ್ತುವೆಂಬುದನ್ನು ತಮಗೆ ಅರಿಕೆ ಮಾಡುವುದೇ ಇಂದಿನ ನನ್ನ ಮಾತಿನ ಉದ್ದೇಶವು.

ಯೂರಿಯಾ ಎಂಬ ಹೆಸರು ಮೂತ್ರದಿಂದಲೇ ಬಂದುದು. ವಿದ್ವಾಂಸರು ಆ ವಸ್ತುವನ್ನು ಮೊದಲು ಕಂಡದ್ದು ಮೂತ್ರದಲ್ಲಿ. 1828ರಲ್ಲಿ ಜರ್ಮನಿಯ ವೋಲರ್ ಎಂಬ ರಸಾಯನ ಪಂಡಿತನು ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದನು. ಗೊಬ್ಬರದ ಕಾರಖಾನೆಗಳು ಅದಾದ ಬಹುಕಾಲದ ಮೇಲೆ ಹುಟ್ಟಿದವು. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಈ ಕಾರಖಾನೆಯು ಎತ್ತು-ಎಮ್ಮೆ ಇರುವಷ್ಟು ಕಾಲದಿಂದಲೂ ನಡೆದೇ ಇದೆ.

ಸೆಗಣಿಯ ಬೆಲೆಯನ್ನು ನಾವು ಬಲ್ಲೆವು. ಅದನ್ನು ತಿಪ್ಪೆಗೆ ಒಯ್ಯುವೆವು, ಇಲ್ಲವೆ ಕುಳ್ಳು ತಟ್ಟುವೆವು. ಗಂಜಳದ ಬೆಲೆಯನ್ನು ಮಾತ್ರ ಬಗೆಯುವುದಿಲ್ಲ. ಹಸಿ ಸೆಗಣಿಯ 100 ಪಾಲಿನಲ್ಲಿ ಸಾರಜನಕವು ಸುಮಾರು 0.3ರಿಂದ 0.4 ಪಾಲು ಇದ್ದರೆ, ಗಂಜಳದಲ್ಲಿ ಅದು ಸುಮಾರು 0.8ರಿಂದ 1 ಪಾಲು ಇರುವುದು. ಪೊಟ್ಯಾಶವೂ ಗಂಜಳದಲ್ಲಿಯೇ ಹೆಚ್ಚು. ರಂಜಕವು ಮಾತ್ರ ಸೆಗಣಿಯ ಪಾಲಿಗೆ ಬಂದಿದೆ.

ಈಗ ಲೆಕ್ಕವನ್ನು ನೋಡೋಣ. ಒಂದು ಮನೆಯಲ್ಲಿ ಒಂದು ಜೋಡಿ ಎತ್ತು, ಒಂದು ಎಮ್ಮೆ ಇವೆಯೆನ್ನಿರಿ. ಹಗಲಿನದು ಹೊಲದಲ್ಲಿಯೋ ಹಾದಿಯಲ್ಲಿಯೋ ಬೀಳಲಿ. ರಾತ್ರಿಯ ಗಂಜಳದಲ್ಲಿ ದಿನಕ್ಕೆ 10 ಲೀಟರು ಹಿಡಿದರೂ ವರ್ಷಕ್ಕೆ 3,650 ಲೀಟರು ಆಗುವುದು. ಕಡಿಮೆಯ ಲೆಕ್ಕದಿಂದ ಇದರಲ್ಲಿ 29 ಕಿಲೋ ಸಾರಜನಕವಿರುವುದು. 45 ಕಿಲೋ ತೂಕದ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 21 ಕಿಲೋ. ಅಂದಮೇಲೆ ಮೂರೇ ದನಗಳ ರಾತ್ರಿಯ ಗಂಜಳವು ವರ್ಷಕ್ಕೆ ಒಂದು ಚೀಲಕ್ಕೂ ಮಿಕ್ಕಿದ ಯೂರಿಯಾಕ್ಕೆ ಸಮ. ಹತ್ತು ದನಗಳುಳ್ಳವರು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು.

ಇದು ನಮ್ಮ ಹಿರಿಯರಿಗೆ ತಿಳಿಯದ ಮಾತಲ್ಲ. ಕುರುಬರಿಗೆ ಕಾಳು ಕೊಟ್ಟು ಹೊಲದಲ್ಲಿ ಕುರಿಯ ಹಿಂಡನ್ನು ರಾತ್ರಿ ನಿಲ್ಲಿಸುವ ರೂಢಿಯು ಏತಕ್ಕಾಗಿ ಬಂದಿತು? ಬರಿಯ ಹಿಕ್ಕೆಯೇ ಬೇಕಾಗಿದ್ದರೆ ಅದನ್ನು ಬುಟ್ಟಿಯಲ್ಲಿ ಹೊತ್ತು ತರಬಹುದಾಗಿತ್ತು. ಮೂತ್ರವು ನೇರವಾಗಿ ಮಣ್ಣಿಗೆ ಇಳಿಯಬೇಕೆಂದೇ ಹಿಂಡನ್ನು ಹೊಲದಲ್ಲಿ ತಂಗಿಸಿದರು. ಕುರಿಯ ವಿಷಯದಲ್ಲಿ ಇರುವ ಈ ಜಾಣತನವು ಎತ್ತು-ಎಮ್ಮೆಗಳ ವಿಷಯದಲ್ಲಿ ನಮಗೆ ಮರೆತುಹೋಗಿದೆ.

ಹೊರಗಿನಿಂದ ಬಂದ ಪಂಡಿತರೂ ಇದನ್ನೇ ಎತ್ತಿ ಹೇಳಿದ್ದಾರೆ. ಡಾಕ್ಟರ್ ವೋಲ್ಕರ್ ಎಂಬವರು 1889ರಲ್ಲಿ ನಮ್ಮ ದೇಶಕ್ಕೆ ಬಂದು, ಊರೂರು ತಿರುಗಿ, 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಕಟ್ಟಿಗೆಯ ಅಭಾವದಿಂದ ಸೆಗಣಿ ಸುಡಲ್ಪಡುವುದನ್ನೂ ಗಂಜಳವು ವ್ಯರ್ಥವಾಗುವುದನ್ನೂ ವಿವರಿಸಿದರು. ಇಂದೂರಿನಲ್ಲಿ ಸರ್ ಆಲ್ಬರ್ಟ್ ಹಾವರ್ಡರು ಯಶವಂತ ವಾಡ್ ಎಂಬವರೊಡನೆ ಕೆಲಸ ಮಾಡಿ, ಗಂಜಳವನ್ನು ಮಣ್ಣಿನಲ್ಲಿ ಹಿಡಿದಿಡುವ ಸುಲಭೋಪಾಯವನ್ನು 1931ರ ತಮ್ಮ ಗ್ರಂಥದಲ್ಲಿ ತಿಳಿಸಿದರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಜಮಖಂಡಿ, ಮುಧೋಳಗಳಂತೆ ಇಂದೂರೂ ಆ ಕಾಲಕ್ಕೆ ಒಂದು ಸಂಸ್ಥಾನವೇ ಆಗಿತ್ತು. ಅಲ್ಲಿಯ ಎತ್ತುಗಳ ಕೊಟ್ಟಿಗೆಯಲ್ಲಿ ನಡೆದದ್ದು ನಮ್ಮಲ್ಲಿಯೂ ನಡೆಯಲಾರದೆಂಬುದಕ್ಕೆ ಕಾರಣವಿಲ್ಲ.

ಇನ್ನು, ಈ ಗಂಜಳವನ್ನು ಹುಲ್ಲಿಗೇ ಏಕೆ ಹಾಕಬೇಕೆಂದು ತಾವು ಕೇಳಬಹುದು. ಜೋಳ-ಗೋದಿಗಳಿಗೆ ಗೊಬ್ಬರ ಬೇಕಾಗುವುದು ಹಂಗಾಮಿನಲ್ಲಿ ಒಂದೆರಡು ಸಲ. ಗಂಜಳವಾದರೋ ದಿನದಿನವೂ ಬರುವುದು. ದಿನದಿನ ಬರುವುದನ್ನು ವರ್ಷವಿಡೀ ಉಣ್ಣಬಲ್ಲ ಬೆಳೆ ಹುಲ್ಲೊಂದೇ. ಅದರ ಬೇರು ಬಲೆಯಂತೆ ಹಬ್ಬಿರುವುದು. ಕೊಯ್ದಂತೆಲ್ಲ ಹೊಸ ಚಿಗುರಿಗಾಗಿ ಸಾರಜನಕವನ್ನು ಬೇಡುವುದು. ಡೆನ್ಮಾರ್ಕ್, ಹಾಲಂಡ್ ಮುಂತಾದ ದೇಶಗಳಲ್ಲಿ ಹಂದಿ ಮತ್ತು ಆಕಳುಗಳ ಸೆಗಣಿ-ಮೂತ್ರಗಳ ರಾಡಿಯನ್ನು ಹುಲ್ಲುಗಾವಲುಗಳಿಗೆ ಉಣಿಸುವ ಪದ್ಧತಿಯು ಇದೇ ಕಾರಣದಿಂದ ಬಲವಾಗಿ ಬೇರೂರಿದೆ. ಆದರೆ ಅಲ್ಲಿ ರಾಡಿ ಮಿತಿಮೀರಿ ಬಾವಿ-ಹಳ್ಳಗಳ ನೀರು ಕೆಡತೊಡಗಿತು. ಆದುದರಿಂದ ಯುರೋಪದ ರಾಷ್ಟ್ರಗಳ ಒಕ್ಕೂಟವು 1991ರಲ್ಲಿ ನಿಯಮ ಮಾಡಿ, ನೀರು ಕೆಡುವ ಭಯವಿರುವ ಪ್ರದೇಶಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋ ಸಾರಜನಕಕ್ಕಿಂತ ಹೆಚ್ಚಿನ ದನಗೊಬ್ಬರವನ್ನು ಸಾಮಾನ್ಯವಾಗಿ ಹಾಕಕೂಡದೆಂದು ಕಟ್ಟು ಹಾಕಿತು. ಗೊಬ್ಬರವು ಒಳ್ಳೆಯದೇ, ಅತಿಯಾದರೆ ಅದೂ ಹೊಲಸೇ.

ನಮ್ಮ ಕಡೆ ಹಂದಿಗಳು ಹೆಚ್ಚಾಗಿ ಬೀದಿಯಲ್ಲಿ ತಿರುಗಾಡುವುದರಿಂದ ಅವುಗಳ ರಾಡಿ ಒಂದೆಡೆ ಕೂಡುವುದಿಲ್ಲ. ದೊಡ್ಡಿ ಕಟ್ಟಿ ಹಂದಿ ಸಾಕುವವರು ಮಾತ್ರ ಒಂದು ಮಾತನ್ನು ನೆನಪಿಡತಕ್ಕದ್ದು. ಹಂದಿಯ ಮೇವಿನಲ್ಲಿ ತಾಮ್ರದ ಲವಣವನ್ನು ಬೆರೆಸಿದ್ದರೆ ಅದರ ಬಹುಪಾಲು ರಾಡಿಗೆ ಬರುವುದು. ಆ ರಾಡಿ ಬಿದ್ದ ಹುಲ್ಲನ್ನು ಮೇಯ್ದ ಕುರಿಗೆ ತಾಮ್ರವು ವಿಷವಾಗಬಲ್ಲದು. ಕುರಿ ಮೇಯುವ ನೆಲಕ್ಕೆ ಅದನ್ನು ಹಾಕದಿರುವುದೇ ಲೇಸು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನೌಕರಿಯ ಮೊದಲ ದಿನಗಳಲ್ಲಿ ಒಬ್ಬ ಒಕ್ಕಲಿಗರಿಗೆ ಗಂಜಳವನ್ನು ಹುಲ್ಲಿಗೆ ಹಾಕಿರೆಂದಷ್ಟೇ ಹೇಳಿ ಬಂದೆನು. ಯಾವಾಗ, ಎಷ್ಟು ನೀರು ಬೆರೆಸಿ, ಎಂಬುದನ್ನು ಹೇಳಲಿಲ್ಲ. ಅವರು ಬೇಸಿಗೆಯ ನಡುಹಗಲಿನಲ್ಲಿ, ಮೊಳಕಾಲುದ್ದ ಬೆಳೆದ ಹುಲ್ಲಿನ ಮೇಲೆ, ನೀರು ಬೆರೆಸದೆ ಸುರುವಿದರು. ಮೂರನೆಯ ದಿನ ಹುಲ್ಲು ಬೆಂಕಿ ತಗುಲಿದಂತೆ ಸುಟ್ಟಿತ್ತು. “ಸಾಹೇಬ್ರ, ಎಮ್ಮಿ ಮುಂದ ಏನ್ ಹಾಕ್ಲಿ?” ಎಂದು ಅವರು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅರ್ಧ ಸಲಹೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ಹಾಗೇಕೆ ಆಯಿತೆಂಬುದನ್ನು ತಿಳಿಯಿರಿ. ಗಂಜಳದಲ್ಲಿಯ ಯೂರಿಯಾ ಬೇಗನೆ ಅಮೋನಿಯವಾಗಿ ಮಾರ್ಪಡುವುದು. ಮುಂಜಾನೆ ಕೊಟ್ಟಿಗೆಯಲ್ಲಿ ಕಣ್ಣು ಉರಿಸುವ ವಾಸನೆಯೇ ಅದು. ಸುಣ್ಣದ ಹರಳು ಬೆರೆತ ನಮ್ಮ ಎರೆ ಭೂಮಿಯಲ್ಲಿ, ಬಿಸಿಲಿನ ಹೊತ್ತಿನಲ್ಲಿ, ಅದು ಗಾಳಿಗೆ ಹಾರಿಹೋಗುವುದು ಇನ್ನೂ ಹೆಚ್ಚು. ಕೂಡಲೇ ನೀರು ಹಾಯಿಸಿ ಮಣ್ಣಿಗೆ ಇಳಿಸಿದರೆ ಅದು ಬೇರಿಗೆ ದಕ್ಕುವುದು. ಬಿಟ್ಟರೆ ಎಲೆಯನ್ನು ಸುಟ್ಟು ಗಾಳಿಯ ಪಾಲಾಗುವುದು. ಆದುದರಿಂದ ಈ ಕೆಳಗಿನಂತೆ ನಡೆಯತಕ್ಕದ್ದು.

1. ಕೊಟ್ಟಿಗೆಯ ನೆಲಕ್ಕೆ ಪರಸಿ ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಗಜಕ್ಕೆ ಒಂದು ಅಂಗುಲದಂತೆ ಇಳಿಜಾರು ಕೊಡಬೇಕು. ಕೊನೆಯಲ್ಲಿ ಸಣ್ಣ ಕಾಲುವೆ, ಅದರ ತುದಿಗೆ ನೆಲದಲ್ಲಿ ಹುಗಿದ ಪೀಪಾಯಿ ಅಥವಾ ತೊಟ್ಟಿ. ಅದಕ್ಕೆ ಮುಚ್ಚಳವಿರಬೇಕು.

2. ಹುಲ್ಲನ್ನು ಕೊಯ್ದ ಎರಡು-ಮೂರು ದಿನಗಳಲ್ಲಿ, ಸಂಜೆಯ ಹೊತ್ತು, ಗಂಜಳಕ್ಕೆ ನಾಲ್ಕೈದು ಪಟ್ಟು ನೀರು ಬೆರೆಸಿ ಹಾಕಬೇಕು. ಬೆನ್ನಿಗೇ ನೀರು ಹಾಯಿಸಬೇಕು.

3. ನೇಪಿಯರ್ ಜಾತಿಯ ಹುಲ್ಲಿಗೆ ಗುಂಟೆಗೆ ಒಂದು ಕೊಯ್ಲಿಗೆ 60 ಲೀಟರು, ಅಂದರೆ 15 ಲೀಟರಿನ ನಾಲ್ಕು ಕೊಡ ಗಂಜಳ ಸಾಕು. ವರ್ಷಕ್ಕೆ ಆರು ಕೊಯ್ಲು ಹಿಡಿದರೆ, ಮೇಲೆ ಹೇಳಿದ ಮೂರು ದನಗಳ ಗಂಜಳವು 10 ಗುಂಟೆಗೆ ಸರಿಹೋಗುವುದು.

4. ಗಂಜಳದಲ್ಲಿ ರಂಜಕವು ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ವರ್ಷಕ್ಕೊಮ್ಮೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬಿಡದೆ ಹಾಕಬೇಕು.

5. ಘಟಪ್ರಭೆಯ ನೀರಾವರಿಯಲ್ಲಿ ಸವಳು ಏರಿದ, ನೀರು ನಿಂತು ಜವಳಾದ ಭೂಮಿಗೆ ಇದನ್ನು ಹಾಕಬಾರದು. ಗಂಜಳದಲ್ಲಿಯೂ ಉಪ್ಪು ಇರುವುದು. ಮೊದಲು ಬಸಿಗಾಲುವೆ, ಆ ಮೇಲೆ ಗೊಬ್ಬರ.

6. ಕುಡಿಯುವ ನೀರಿನ ಬಾವಿ, ಬೋರುಗಳ ಹತ್ತಿರ ಹಾಕಬಾರದು. ಜೋರು ಮಳೆ ಬರುವಂತಿದ್ದರೆ ಅಂದು ಬೇಡ.

ಸಿಮೆಂಟು-ಪರಸಿಗೆ ಹಣವಿಲ್ಲದವರು ಎದೆಗುಂದಬೇಕಾಗಿಲ್ಲ. ಹಾವರ್ಡರ ಉಪಾಯವು ಅವರಿಗಾಗಿಯೇ ಇದೆ. ಕೊಟ್ಟಿಗೆಯಲ್ಲಿ ಅರ್ಧ ಅಡಿ ಒಣಮಣ್ಣನ್ನು ಹರಡಿರಿ. ಹಸಿಯಾದ ಕಡೆ ಇನ್ನಿಷ್ಟು ಮಣ್ಣು ಎರಚಿರಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಆ ಮಣ್ಣನ್ನು ಅಗೆದು ಹುಲ್ಲಿನ ಸಾಲುಗಳಿಗೆ ಹಾಕಿ, ಹೊಸ ಮಣ್ಣನ್ನು ತುಂಬಿರಿ. ಇದಕ್ಕೆ ಬೇಕಾದದ್ದು ಸಲಿಕೆ, ಬುಟ್ಟಿ ಮತ್ತು ಮೈಮುರಿದ ದುಡಿತ ಮಾತ್ರ.

ಎರಡು ಅಪಾಯಗಳನ್ನು ಒತ್ತಿ ಹೇಳುವೆನು. ಮೊದಲನೆಯದು ದನದ ಜೀವಕ್ಕೆ. ಸಾರಜನಕವು ಅತಿಯಾದರೆ, ಅದರಲ್ಲಿಯೂ ನೀರಿನ ಕೊರತೆಯಿಂದ ಬಾಡಿದಾಗ, ನೇಪಿಯರ್ ಮತ್ತು ಜೋಳದ ಮೇವಿನಲ್ಲಿ ನೈಟ್ರೇಟು ಕೂಡಿಕೊಂಡು ದನಗಳು ಉಸಿರುಕಟ್ಟಿ ಸಾಯುವುದುಂಟು. ಆದುದರಿಂದ ಅಳತೆ ಮೀರಬೇಡಿರಿ. ಹಾಕಿದ ಮೇಲೆ ಕನಿಷ್ಠ ಮೂರ್ನಾಲ್ಕು ವಾರ ಆ ಹುಲ್ಲನ್ನು ಕೊಯ್ಯಬೇಡಿರಿ, ಮೇಯಿಸಲೂ ಬೇಡಿರಿ. ಜಂತಿನ ತತ್ತಿ, ರೋಗದ ಬೀಜಗಳ ಭಯವೂ ಇದರಿಂದ ಕಡಿಮೆಯಾಗುವುದು. ಎರಡನೆಯದು ಮನುಷ್ಯನ ಜೀವಕ್ಕೆ. ಸೆಗಣಿ ರಾಡಿಯ ಮುಚ್ಚಿದ ಗುಂಡಿಯಲ್ಲಿ, ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ವಿಷವಾಯುವು ತುಂಬಿರುವುದು. ಯಾರೂ ಒಳಗೆ ಇಳಿಯಕೂಡದು. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲಿಯೇ ಉಳಿಯುವನು. ಹೊರಗೆ ನಿಂತೇ ಸಹಾಯವನ್ನು ಕರೆಯಬೇಕು. ಮಕ್ಕಳಿಗೂ ಆಳುಗಳಿಗೂ ಇದನ್ನು ಮೊದಲು ಹೇಳಿರಿ.

ಊರಿನ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಗಂಜಳವು ಓಣಿಗೆ ಹರಿಯುವುದು ಒಬ್ಬನಿಗೆ ನಷ್ಟ, ಹತ್ತು ಮನೆಗಳಿಗೆ ಕಾಟ. ಎಷ್ಟೋ ಜಗಳಗಳ ಮೂಲವೂ ಅದೇ. ದಂಡ ಹಾಕಿದರೆ ಮನಸ್ಸು ಮುರಿಯುವುದು. ಅದಕ್ಕಿಂತ ಮೊದಲು ತಮ್ಮ ಕೊಟ್ಟಿಗೆಯನ್ನೇ ತಾವು ಸರಿಪಡಿಸಿಕೊಂಡು ತೋರಿಸಿರಿ. ಗೌಡರ ಮನೆಯ ಮುಂದಿನ ಓಣಿ ಒಣಗಿತೆಂದರೆ ಊರಿನ ಉಳಿದ ಓಣಿಗಳೂ ಒಣಗುವವು.

ನನ್ನ ಮಾತನ್ನು ನಂಬಿರೆಂದು ಹೇಳುವುದಿಲ್ಲ. ಒಂದೇ ಹೊಲದಲ್ಲಿ ಎರಡು ಗುಂಟೆ ಹುಲ್ಲನ್ನು ಅಳೆದು, ಒಂದಕ್ಕೆ ಗಂಜಳ, ಇನ್ನೊಂದಕ್ಕೆ ಬರಿಯ ನೀರು ಕೊಡಿರಿ. ಮೂರು ಕೊಯ್ಲಿನ ವರೆಗೆ ಎರಡನ್ನೂ ಬೇರೆ ಬೇರೆ ತೂಗಿ, ಗೋಡೆಯ ಮೇಲೆ ಮಸಿಯಿಂದ ಬರೆದಿಡಿರಿ. ಬೇಸಿಗೆಯಲ್ಲಿ ಮೇವು ತೀರಿ, ಸಾಕಿದ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವ ದುಃಖವನ್ನು ತಾವು ಬಲ್ಲಿರಿ. ಆ ಎತ್ತು ತನ್ನ ಮೇವಿನ ಒಂದು ಪಾಲನ್ನು ದಿನವೂ ರಾತ್ರಿ ತಾನೇ ಕೊಡುತ್ತಲಿದೆ. ಅದನ್ನು ಓಣಿಗೆ ಬಿಡದೆ ಹುಲ್ಲಿಗೆ ಮುಟ್ಟಿಸುವ ಕೆಲಸವಷ್ಟೇ ನಮ್ಮದು.